ಹುಲಿಪಟ್ಟೆಯ ಕಿರು ಲೋಳೆಸರ: ಸಾಕುವ ಮತ್ತು ಮರಿ ಮಾಡುವ ಕ್ರಮ

ಲೋಳೆಸರವನ್ನು ಅರಿಯದ ಬೆಳೆಗಾರರು ನಮ್ಮಲ್ಲಿಲ್ಲ. ಬೇರು ಮೇಲಾಗಿ ಬಾಗಿಲಿಗೆ ತೂಗಬಿಟ್ಟರೂ ತಿಂಗಳುಗಟ್ಟಲೆ ಹಸುರಾಗಿರುವ ಗಿಡವದು. ಅದರ ಬಳಗದ ಒಂದು ಗಿಡ್ಡ ಜಾತಿಯನ್ನು ಅಂದಕ್ಕಾಗಿ ಜಗಲಿಯ ಕುಂಡಗಳಲ್ಲಿ ಬೆಳೆಸುವುದುಂಟು. ಎತ್ತರ ಒಂದು ಗೇಣು. ದಪ್ಪನೆಯ ಎಲೆಗಳು ಮೂರು ಸಾಲಾಗಿ ಒಂದರ ಮೇಲೊಂದು ಕೂತಿರುತ್ತವೆ. ಕಡು ಹಸುರಿನ ಮೇಲೆ ಅಡ್ಡಡ್ಡ ಬಿಳಿ ಪಟ್ಟೆ. 1753ರಲ್ಲಿ ಲಿನೇಯಸ್ ಇದನ್ನು ಅಲೋ ವೇರಿಗೇಟ ಎಂದು ಕರೆದನು. 2014ರಲ್ಲಿ ಶಾಸ್ತ್ರಜ್ಞರು ಗೋನಿಯಲೋ ಎಂಬ ಬೇರೆ ಕುಲಕ್ಕೆ ಸೇರಿಸಿದರು. ಇದು ನೋಟದ ಗಿಡ. ಮನೆಮದ್ದಿಗೆ ಬಳಸುವ ಲೋಳೆಸರವಲ್ಲ.

ಇದರ ತವರು ದಕ್ಷಿಣ ಆಫ್ರಿಕ ಮತ್ತು ನಮೀಬಿಯದ ಒಣನೆಲ. ಅಲ್ಲಿಯವರು ಇದನ್ನು 'ಕನ್ನಿಡೂಟ್' ಎನ್ನುತ್ತಾರೆ, 'ಸಾಯಲಾರದ್ದು' ಎಂದರ್ಥ. ಆ ಸಾಯಲಾರದ್ದನ್ನು ನಾನು ಒಂದೇ ಮಳೆಗಾಲದಲ್ಲಿ ಎರಡು ಕುಂಡ ಸಾಯಿಸಿದೆ. ತಪ್ಪು ಗಿಡದ್ದಲ್ಲ, ನನ್ನ ಉಪಚಾರದ್ದು. ಕುಂಡಕ್ಕೆ ಕಾಫಿ ನರ್ಸರಿಯ ಮಣ್ಣು ತುಂಬಿದ್ದೆ, ಗಂಜಳ ಬೆರೆಸಿದ ಸಗಣಿ ನೀರು ಹೊಯ್ದಿದ್ದೆ, ಮಾಡಿನ ಹನಿ ಬೀಳುವಲ್ಲಿ ಇಟ್ಟಿದ್ದೆ. ಆಷಾಢ ಕಳೆಯುವಷ್ಟರಲ್ಲಿ ಬುಡ ಕಂದಾಗಿ, ಎಲೆಗಳು ಹಿಡಿದರೆ ಕೈಗೇ ಬಂದವು. ಇದರ ತವರಿನ ಕರೂ ಪ್ರದೇಶದಲ್ಲಿ ವರ್ಷಕ್ಕೆ 20 ಅಂಗುಲವೂ ಮಳೆಯಿಲ್ಲ. ನಮ್ಮ ಆಗುಂಬೆಯಲ್ಲಿ ವಾಡಿಕೆಯಾಗಿ 250 ಅಂಗುಲ ಮೀರುತ್ತದೆ. ಎಲೆಯಲ್ಲೇ ನೀರು ಕೂಡಿಟ್ಟುಕೊಂಡು ಬದುಕುವ ಗಿಡದ ಬೇರಿಗೆ ನೀರಿಗಿಂತ ಗಾಳಿ ಮುಖ್ಯ.

ಆದುದರಿಂದ ತಳದಲ್ಲಿ ತೂತಿರುವ ಚಿಕ್ಕ ಮಣ್ಣಿನ ಕುಂಡವನ್ನೇ ಆರಿಸಬೇಕು. ದೊಡ್ಡ ಕುಂಡ ಬೇಗ ಒಣಗದು. ಅಡಿಯಲ್ಲಿ ಹಂಚಿನ ಚೂರು. ಮೇಲೆ ದಪ್ಪ ಮರಳು, ಸಣ್ಣ ಜಲ್ಲಿ ಎರಡು ಪಾಲು, ಹಳೆಯ ಎಲೆಗೊಬ್ಬರದ ಮಣ್ಣು ಒಂದು ಪಾಲು. ಹಸಿ ಸಗಣಿ ಕೂಡದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಡ ಸೂರಿನ ಒಳಗಿರಲಿ. ಎಲೆ ಸುಕ್ಕಾಗುವ ಲಕ್ಷಣ ಕಂಡರೆ ಮಾತ್ರ ತುಸು ನೀರು. ಚಳಿಗಾಲದಲ್ಲಿ ಮಣ್ಣು ಪೂರ್ತಿ ಒಣಗಿದ ಮೇಲೆ ಬುಡಕ್ಕೆ ಹಾಕಬೇಕು. ಎಲೆಗಳ ನಡುವೆ ನೀರು ನಿಲ್ಲಬಾರದು. ಬೆಳಗಿನ ಬಿಸಿಲು ಸಾಕು. ತವರಿನಲ್ಲೂ ಇದು ಹೆಚ್ಚಾಗಿ ಪೊದೆಯ ನೆರಳಿನಲ್ಲೇ ಇರುವಂಥದು.

ಮರಿ ಮಾಡುವಲ್ಲಿ ನಮ್ಮ ಕೈಯ ರೂಢಿಯೇ ನಮಗೆ ಅಡ್ಡಬರುತ್ತದೆ. ಮೆಣಸಿನ ಬಳ್ಳಿಯ ತುಂಡು ಬಾಡದಂತೆ ಒದ್ದೆಯಲ್ಲಿಟ್ಟು ಊರುವವರು ನಾವು. ಇಲ್ಲಿ ಗಾಯವನ್ನು ಒಣಗಿಸಿಯೇ ಊರಬೇಕು. ಎಲೆ ಕಿತ್ತು ನೆಡುವುದು ವ್ಯರ್ಥ. ಬೇರು ಬರುವ ಮೊದಲೇ ಕೊಳೆಯುತ್ತದೆ. ತಾಯಿಗಿಡದ ಸುತ್ತ ಬಾಳೆಯ ಕಂದಿನಂತೆ ಏಳುವ ಮರಿಗಳನ್ನೇ ಆಶ್ರಯಿಸಬೇಕು. ಮರಿ ಎರಡು ಅಂಗುಲ ಬೆಳೆದ ಮೇಲೆ, ಮಳೆ ಹಿಂದೆಗೆದ ಅಕ್ಟೋಬರ್‌-ನವೆಂಬರ್‌ನಲ್ಲಿ, ಕುಂಡ ಮಗುಚಿ ಬೇರುಸಹಿತ ಬಿಡಿಸಿರಿ. ಕತ್ತರಿಸಿದ ಜಾಗ ನೆರಳಿನಲ್ಲಿ ಐದಾರು ದಿನ ಒಣಗಿ ಗಟ್ಟಿಯಾಗಲಿ. ಬಳಿಕ ಒಣ ಮಿಶ್ರಣದಲ್ಲಿ ನೆಟ್ಟು, ಒಂದು ವಾರ ನೀರು ತೋರಿಸಬಾರದು.

ಬುಡ ಕೊಳೆತ ಗಿಡವನ್ನೂ ಒಮ್ಮೊಮ್ಮೆ ಉಳಿಸಬಹುದು. ಕಂದು ಬಣ್ಣ ಪೂರ್ತಿ ಹೋಗುವವರೆಗೆ ಹರಿತವಾದ ಚಾಕುವಿನಿಂದ ಕೊಯ್ದು, ಹತ್ತು ದಿನ ಒಣಗಿಸಿ, ಬರಿ ಮರಳಿನ ಮೇಲೆ ಕೂರಿಸಬೇಕು. ನನ್ನ ಮೂರನೆಯ ಕುಂಡ ಹಾಗೆ ಉಳಿದದ್ದು.

ಕಾಫಿ ಗಿಡದಲ್ಲಿ ಕಾಣುವ ಬಿಳಿ ಹಿಟ್ಟುತಿಗಣೆಯ ಜಾತಿಯವು ಇದರ ಎಲೆಸಂದಿಗೂ ಬೇರಿಗೂ ಬರುತ್ತವೆ. ಕುಂಡದಲ್ಲಿ ಇರುವೆ ಓಡಾಡಿದರೆ ಒಮ್ಮೆ ಬೇರು ಬಿಡಿಸಿ ನೋಡಿರಿ. ಸಂದಿಯಲ್ಲಿದ್ದುದನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರಸಿ ತೆಗೆಯಬಹುದು. ಬೇರಿನಲ್ಲಿದ್ದರೆ ತೊಳೆದು ಒಣಗಿಸಿ, ಹೊಸ ಮಣ್ಣಿಗೆ ಬದಲಿಸಬೇಕು. ಹಳೆಯ ಮಣ್ಣನ್ನು ಕಾಫಿಯ ಬುಡಕ್ಕೆ ಸುರಿಯಬಾರದು.