ಆಸ್ಪಿರಿನ್ ಸೇವಿಸುವವರ ಜಠರರಕ್ಷಣೆ

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಹೃದಯಾಘಾತವಾದವರಿಗೆ, ರಕ್ತನಾಳದಲ್ಲಿ ಸ್ಟೆಂಟ್ ಇರಿಸಿಕೊಂಡವರಿಗೆ ವೈದ್ಯರು ದಿನವೂ ಒಂದು ಸಣ್ಣ ಆಸ್ಪಿರಿನ್ ಗುಳಿಗೆಯನ್ನು ವಿಧಿಸುವುದು ತಮಗೆಲ್ಲ ತಿಳಿದ ಸಂಗತಿ. ಇಲ್ಲಿ ಅಮೆರಿಕದಲ್ಲಿ ಅದು 81 ಮಿಲಿಗ್ರಾಂ; ಊರಿನಲ್ಲಿ ಸಾಮಾನ್ಯವಾಗಿ 75. ಪ್ರಮಾಣ ಅಲ್ಪವಾದರೂ ಅದರಿಂದ ಜಠರದಲ್ಲಿ ಹುಣ್ಣಾಗಿ ರಕ್ತಸ್ರಾವವಾಗುವ ಸಂಭವವುಂಟು. ಹೊಟ್ಟೆ ಉರಿಯಿತೆಂದು ಆಸ್ಪಿರಿನ್ನನ್ನೇ ನಿಲ್ಲಿಸಿಬಿಡುವವರು ಕೆಲವರು. ಅಂಗಡಿಯಲ್ಲಿ ಸಿಕ್ಕ ಯಾವುದೋ ಗುಳಿಗೆಯನ್ನು ಅಗಿದು ನಿಶ್ಚಿಂತರಾಗುವವರು ಮತ್ತೆ ಕೆಲವರು. ಎರಡೂ ಅಪಾಯಕರ.

ಜಠರದ ಒಳಪೊರೆಯನ್ನು ಆಮ್ಲದಿಂದ ಕಾಪಾಡುವ ಲೋಳೆ ಸ್ರವಿಸಲು ಪ್ರೋಸ್ಟಗ್ಲ್ಯಾಂಡಿನ್ ಎಂಬ ವಸ್ತು ಅಗತ್ಯ. ಆಸ್ಪಿರಿನ್ ಇದರ ಉತ್ಪತ್ತಿಯನ್ನು ತಡೆಯುತ್ತದೆಂದು 1971ರಲ್ಲಿ ತೋರಿಸಿಕೊಟ್ಟವರು ಬ್ರಿಟನ್ನಿನ ಜಾನ್ ವೇನ್. 1982ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆಯಿತು. ಈ ಹಾನಿ ರಕ್ತದ ಮೂಲಕವೂ ಆಗುವುದರಿಂದ, ಹೊರಕವಚವುಳ್ಳ ಆಸ್ಪಿರಿನ್ ಗುಳಿಗೆಯನ್ನು ನುಂಗಿದರೆ ರಕ್ತಸ್ರಾವದ ಭಯವಿಲ್ಲವೆಂಬ ನಂಬಿಕೆ ಸರಿಯಲ್ಲ.

ಆಮ್ಲವನ್ನು ತಗ್ಗಿಸುವ ಔಷಧಿಗಳಲ್ಲಿ ಮೂರು ಬಗೆ. ಮೊದಲನೆಯದು ಆಂಟಾಸಿಡ್. ಇದು ಉತ್ಪತ್ತಿಯಾದ ಆಮ್ಲವನ್ನು ಸ್ವಲ್ಪ ಹೊತ್ತು ಶಮನಗೊಳಿಸುತ್ತದೆ, ಅಷ್ಟೆ. ಉರಿ ಆರಿದ ಮಾತ್ರಕ್ಕೆ ಹುಣ್ಣು ತಪ್ಪಿತೆಂದು ಭಾವಿಸಲಾಗದು.

ಎರಡನೆಯದು ಹಿಸ್ಟಮಿನ್ ತಡೆಯುವ ಔಷಧಿಗಳು. ಈ ವರ್ಗದ ಸಿಮೆಟಿಡಿನ್ ಔಷಧಿಯನ್ನು ರೂಪಿಸಿದ ಜೇಮ್ಸ್ ಬ್ಲ್ಯಾಕ್ 1988ರಲ್ಲಿ ನೊಬೆಲ್ ಪಡೆದರು. ಫೆಮೋಟಿಡಿನ್ ಇದೇ ವರ್ಗಕ್ಕೆ ಸೇರಿದ್ದು. ಆಮ್ಲ ಸ್ರವಿಸುವ ಕೋಶಗಳಿಗೆ ಹಲವು ದಾರಿಗಳಿಂದ ಆದೇಶ ಬರುತ್ತದೆ. ಈ ಔಷಧಿಗಳು ಅವುಗಳಲ್ಲಿ ಒಂದನ್ನು ಮುಚ್ಚುತ್ತವೆ. ಸತತವಾಗಿ ಸೇವಿಸಿದರೆ ಇವುಗಳ ಪ್ರಭಾವ ಕುಗ್ಗುವುದೂ ಉಂಟು.

ಮೂರನೆಯದು ಪ್ರೋಟಾನ್ ಪಂಪ್ ತಡೆಯುವ ಔಷಧಿಗಳು: ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮೊದಲಾದುವು. ಆದೇಶ ಯಾವ ದಾರಿಯಿಂದ ಬಂದರೂ ಆಮ್ಲ ಹೊರಬೀಳುವ ಕೊನೆಯ ಬಾಗಿಲನ್ನೇ ಇವು ಮುಚ್ಚುತ್ತವೆ.

ಇವುಗಳ ತಾರತಮ್ಯವನ್ನು ಪ್ರಯೋಗಗಳು ಸ್ಪಷ್ಟಪಡಿಸಿವೆ. 2009ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನದಲ್ಲಿ ಆಸ್ಪಿರಿನ್ ಸೇವಿಸುತ್ತಿದ್ದ 404 ಮಂದಿ ಭಾಗವಹಿಸಿದ್ದರು. 12 ವಾರಗಳಲ್ಲಿ ಬರಿಯ ಸಕ್ಕರೆಗುಳಿಗೆಯಂಥ ಹುಸಿಮದ್ದು ಪಡೆದವರಲ್ಲಿ ಶೇಕಡಾ 15ರಷ್ಟು ಜನರಿಗೆ ಜಠರದ ಹುಣ್ಣಾದರೆ, ಫೆಮೋಟಿಡಿನ್ ಪಡೆದವರಲ್ಲಿ ಶೇಕಡಾ 3.4ರಷ್ಟು ಜನರಿಗೆ ಮಾತ್ರ ಆಯಿತು. ಆದರೆ ಹಿಂದೆಯೇ ಹುಣ್ಣು ಅಥವಾ ಜಠರದ ಗಾಯವಾಗಿದ್ದವರನ್ನು ಪರೀಕ್ಷಿಸಿದ 2010ರ ಹಾಂಗ್‌ಕಾಂಗ್ ಅಧ್ಯಯನದ ಚಿತ್ರ ಬೇರೆ. ಅಲ್ಲಿ 48 ವಾರಗಳಲ್ಲಿ ಫೆಮೋಟಿಡಿನ್ ಪಡೆದವರ ಪೈಕಿ ಶೇಕಡಾ 20ರಷ್ಟು ಜನರಿಗೆ ತೊಂದರೆ ಮರುಕಳಿಸಿತು. ಪ್ಯಾಂಟೊಪ್ರಜೋಲ್ ಪಡೆದವರಲ್ಲಿ ಒಬ್ಬರಿಗೂ ಇಲ್ಲ. 2017ರಲ್ಲಿ 270 ಜನರ ಮೇಲೆ ನಡೆದ ಪ್ರಯೋಗದಲ್ಲಿ ಫೆಮೋಟಿಡಿನ್ ಹಾಗೂ ರಾಬೆಪ್ರಜೋಲ್ ನಡುವಿನ ಅಂತರ ಅಷ್ಟು ಖಚಿತವಾಗಿ ಕಾಣಲಿಲ್ಲ. ಆದುದರಿಂದ ಫೆಮೋಟಿಡಿನ್ ವ್ಯರ್ಥವಲ್ಲ. ಆದರೆ ಅಪಾಯ ಹೆಚ್ಚಿರುವವರಿಗೆ ಮೂರನೆಯ ವರ್ಗವೇ ಮೊದಲ ಆಯ್ಕೆ.

ಅಪಾಯ ಹೆಚ್ಚಿರುವವರು ಯಾರು? ಹಿಂದೆ ಹುಣ್ಣಾದವರು, ವೃದ್ಧರು, ಆಸ್ಪಿರಿನ್ ಜೊತೆಗೆ ಬೇರೊಂದು ರಕ್ತ ತೆಳುಮಾಡುವ ಮದ್ದು, ಸ್ಟೀರಾಯ್ಡ್ ಇಲ್ಲವೇ ಐಬುಪ್ರೊಫೆನ್‌ನಂಥ ನೋವಿನ ಗುಳಿಗೆ ಸೇವಿಸುವವರು. ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಎಂಬ ಸೂಕ್ಷ್ಮಾಣು ಭಾರತದಲ್ಲಿ ಬೆಳೆದವರಲ್ಲಿ ಸಾಮಾನ್ಯ. ಅದರ ಪರೀಕ್ಷೆ ಸರಳ, ಚಿಕಿತ್ಸೆಯೂ ಉಂಟು, ವೈದ್ಯರನ್ನು ಕೇಳಿರಿ.

ಕೆಲವು ಎಚ್ಚರಿಕೆಯ ಮಾತುಗಳು. ಪ್ರೋಟಾನ್ ಪಂಪ್ ಔಷಧಿಯನ್ನು ಸಾಮಾನ್ಯವಾಗಿ ಉಪಾಹಾರಕ್ಕೆ ಅರ್ಧ ಗಂಟೆ ಮೊದಲು ಸೇವಿಸಬೇಕು. ಕ್ಲೊಪಿಡೊಗ್ರೆಲ್ ಸೇವಿಸುವವರಿಗೆ ಒಮೆಪ್ರಜೋಲ್ ತಕ್ಕುದಲ್ಲ. ಅದು ಕ್ಲೊಪಿಡೊಗ್ರೆಲ್‌ನ ಶಕ್ತಿಯನ್ನು ಕುಗ್ಗಿಸುತ್ತದೆ. ದೀರ್ಘಕಾಲ ಆಮ್ಲ ತಗ್ಗಿದರೆ ಬಿ-12 ಜೀವಸತ್ವ ಕಡಿಮೆಯಾಗಬಹುದು; ಸಸ್ಯಾಹಾರಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಊರಿನಿಂದ ಬರುವ ತಂದೆತಾಯಿಯರ ಔಷಧಿಗಳ ಪೆಟ್ಟಿಗೆಯನ್ನೂ ಒಮ್ಮೆ ವೈದ್ಯರಿಗೆ ತೋರಿಸಿರಿ.

ಮಲ ಡಾಂಬರಿನಂತೆ ಕಪ್ಪಾದರೆ ಅಥವಾ ವಾಂತಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ. ವೈದ್ಯರು ವಿಧಿಸಿದ ಆಸ್ಪಿರಿನ್ನನ್ನು ಅವರ ಮಾತಿಲ್ಲದೆ ನಿಲ್ಲಿಸಬೇಡಿರಿ. ಅವರ ಮಾತಿಲ್ಲದೆ ಆರಂಭಿಸಲೂ ಬೇಡಿರಿ. ಹೃದಯವನ್ನು ಕಾಯುವ ಮದ್ದು ಜಠರವನ್ನು ನೋಯಿಸದಂತೆ ನೋಡಿಕೊಳ್ಳುವುದು ಇಂದು ಸಾಧ್ಯವಿದೆ.