ಮರದ ಕಡಸಲು ಯಂತ್ರವನ್ನು ಕೊಳ್ಳುವ ಬಗೆ

ತಿರುಗುತ್ತಿರುವ ಮರಕ್ಕೆ ಉಳಿಯನ್ನೊಡ್ಡಿ ಅದಕ್ಕೆ ದುಂಡಗಿನ ಆಕಾರವನ್ನು ಕೊಡುವ ಕಡಸಲು ಕೆಲಸವು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಮಂಚದ ಕಾಲು, ಲಟ್ಟಣಿಗೆ, ಬುಗುರಿ, ಮಗುವಿನ ಗಿಲಕಿ ಇವೆಲ್ಲವೂ ಕಡಸಲಿನಲ್ಲಿ ಹುಟ್ಟಿದವೇ. ಹಿಂದೆ ಕಸಬಿನವರಿಗೆ ಮಾತ್ರವೇ ಮೀಸಲಾದಂತಿದ್ದ ಈ ವಿದ್ಯೆಯನ್ನು ಈಗ ಕಚೇರಿಯಲ್ಲಿ ದುಡಿಯುವವರೂ ನಿವೃತ್ತರಾದವರೂ ಬಿಡುವಿನ ವೇಳೆಯಲ್ಲಿ ಕಲಿಯಬಯಸುತ್ತಾರೆ. ಅಂಥವರು ಕೆಲವು ತಿಂಗಳ ಉಳಿತಾಯವನ್ನು ತೆಗೆದುಕೊಂಡು ಅಂಗಡಿಗೆ ಹೊರಟಾಗ ಯಾವುದನ್ನು ಪರೀಕ್ಷಿಸಬೇಕು, ಯಾವುದಕ್ಕೆ ಮರುಳಾಗಬಾರದು ಎಂಬುದನ್ನು ವಿವರಿಸುವುದು ನಮ್ಮ ಉದ್ದೇಶ. ಆಯ್ಕೆಯು ತಪ್ಪಿದರೆ ಹೋಗುವುದು ಹಣವೊಂದೇ ಅಲ್ಲ. ಮುಖಕ್ಕೂ ಕಣ್ಣಿಗೂ ಅಪಾಯವುಂಟು.

ಮೊದಲು ತೀರ್ಮಾನವಾಗಬೇಕಾದದ್ದು, ನಾವು ಕಡೆಯಬೇಕೆಂದಿರುವ ವಸ್ತು ಯಾವುದೆಂಬುದು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು ದೂರದ ಚನ್ನಪಟ್ಟಣದ ಕುಶಲಿಗಳನ್ನೇ ನೋಡಿ. ಅವರ ಕೆಲಸವು ಬಹುಮಟ್ಟಿಗೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಬೊಂಬೆಗಳದು. ಬೆಳ್ಳಗಿನ, ನವುರಾದ ಹಾಲೆಮರದ ತುಂಡಿನ ಒಂದು ತುದಿಯನ್ನು ಯಂತ್ರದ ಬಾಯಿಗೆ ಬಡಿದು ಕೂಡಿಸಿ, ಕಡೆದು, ಅದು ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನೊತ್ತುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಆ ಮೇಲೆ ಒಣಗಿದ ತಾಳೆಗರಿಯಿಂದ ತಿಕ್ಕಿದರೆ ಹೊಳಪು ಬರುತ್ತದೆ. ಒಂದು ಕೈಯಲ್ಲಿ ಕಮಾನನ್ನೆಳೆಯುತ್ತ ಮತ್ತೊಂದು ಕೈಯಲ್ಲಿ ಉಳಿಯನ್ನು ಹಿಡಿದು ಕಡೆಯುತ್ತಿದ್ದ ಕಾಲದಲ್ಲಿಯೂ ಈ ಕೆಲಸ ಸೊಗಸಾಗಿಯೇ ನಡೆಯುತ್ತಿತ್ತು. ಇಷ್ಟೇ ನಮ್ಮ ಆಸೆಯಾದರೆ ಚಿಕ್ಕ ಯಂತ್ರವೇ ಸಾಕು. ಆದರೆ 10 ಅಂಗುಲದ ಬೋಗುಣಿಯನ್ನೋ ಊಟದ ಮೇಜಿನ ಕಾಲನ್ನೋ ಕಡೆಯಬೇಕೆಂದರೆ ಮಧ್ಯಮ ಗಾತ್ರದ್ದು ಬೇಕಾಗುತ್ತದೆ.

ಅಂಗಡಿಯವರು ಯಂತ್ರದ ಅಳತೆಯನ್ನು ಎರಡು ಅಂಕಿಗಳಲ್ಲಿ ಹೇಳುತ್ತಾರೆ. 12 ಮತ್ತು 18 ಎಂದರೆ 12 ಅಂಗುಲ ವ್ಯಾಸದ ಮರವು ಬೆಡ್ಡಿಗೆ ತಗಲದೆ ತಿರುಗಬಲ್ಲದು, ಎರಡು ಮೊನೆಗಳ ನಡುವೆ 18 ಅಂಗುಲದ ತುಂಡು ಹಿಡಿಯುತ್ತದೆ ಎಂದರ್ಥ. ಮೊದಲನೆಯ ಅಂಕಿಯನ್ನು ಪೂರ್ತಿ ನಂಬಲಾಗದು. ಉಳಿಯ ಆಸರೆಯ ಕೆಳಭಾಗವು ಬೆಡ್ಡಿನ ಮೇಲೆ ನಿಲ್ಲುವುದರಿಂದ ಉದ್ದನೆಯ ತುಂಡಿಗೆ ದೊರೆಯುವ ಎಡೆ ಅದಕ್ಕಿಂತ ಕಡಮೆ. ಮೇಜಿನ ಕಾಲಿಗೆ 18 ಅಂಗುಲ ಸಾಲದೆಂಬುದು ನಿಜವೇ. ಆದರೆ ಬೆಡ್ಡಿಗೆ ಮುಂದೆ ಜೋಡುತುಂಡನ್ನು ಸೇರಿಸಬಹುದಾದ ಯಂತ್ರಗಳುಂಟು. ಉದ್ದವನ್ನು ಹೀಗೆ ಆಮೇಲೆ ಕೊಳ್ಳಬಹುದು. ಗಟ್ಟಿತನವನ್ನು ಆಮೇಲೆ ಕೊಳ್ಳಲಾಗುವುದಿಲ್ಲ. ಕಡಮೆ ಹಣವುಳ್ಳವರು ಮೋಸಹೋಗುವುದು ಇಲ್ಲಿಯೇ. ತೆಳು ಉಕ್ಕಿನ ಕೊಳವೆಗಳ ಮೇಲೆ ನಿಲ್ಲಿಸಿದ 40 ಅಂಗುಲದ ಯಂತ್ರವು ಬೀಡುಕಬ್ಬಿಣದ 18 ಅಂಗುಲದ ಯಂತ್ರಕ್ಕಿಂತ ಅಗ್ಗವಾಗಿ ಸಿಕ್ಕುವುದುಂಟು, ನೋಟಕ್ಕೆ ದೊಡ್ಡದಾಗಿಯೂ ಇರುತ್ತದೆ. ಅದರ ಮೇಲೆ ಸಮತೂಕವಿಲ್ಲದ ದಿಮ್ಮಿಯನ್ನು ಕಟ್ಟಿದೊಡನೆ ಇಡೀ ಯಂತ್ರವೇ ನಡುಗತೊಡಗುತ್ತದೆ. ಉಳಿಯು ಕುಣಿದು ಮರ ಹರಿಯುತ್ತದೆ.

ವೇಗದ ವಿಷಯವನ್ನು ಇದಕ್ಕಿಂತಲೂ ಎಚ್ಚರದಿಂದ ನೋಡಬೇಕು. ಮರದ ವ್ಯಾಸವನ್ನು ಅಂಗುಲಗಳಲ್ಲಿ ಅಳೆದು ಅದನ್ನು ನಿಮಿಷದ ಸುತ್ತುಗಳಿಂದ ಗುಣಿಸಿದರೆ ಬರುವ ಮೊತ್ತವು 6000ಕ್ಕೂ 9000ಕ್ಕೂ ನಡುವೆ ಇರಲಿ ಎಂಬುದು ಕಡಸಲಿನವರಲ್ಲಿ ರೂಢಿಯಾದ ಲೆಕ್ಕ. 2 ಅಂಗುಲದ ಕಾಲಿಗೆ 3000ದಿಂದ 4500 ಸುತ್ತು ಸಲ್ಲುತ್ತದೆ; 12 ಅಂಗುಲದ ಬೋಗುಣಿಗೆ 500ರಿಂದ 750 ಮಾತ್ರ. ಇನ್ನೂ ದುಂಡಾಗದ ದಿಮ್ಮಿಗೆ ಅದಕ್ಕಿಂತಲೂ ಕಡಮೆಯಿಂದ ಆರಂಭಿಸಬೇಕು. 12 ಅಂಗುಲದ ಮರವನ್ನು 3000 ಸುತ್ತಿನಲ್ಲಿ ಬಿಟ್ಟರೆ ಅದರ ಅಂಚು ಗಂಟೆಗೆ 170 ಕಿಲೋಮೀಟರನ್ನು ಮೀರಿ ಓಡುತ್ತಿರುತ್ತದೆ; ಆ ಹೊತ್ತಿನಲ್ಲಿ ಬಿರುಕುಬಿಟ್ಟ ಚೂರೊಂದು ಹಾರಿದರೆ ಎಲ್ಲಿ ಬಂದು ಬಡಿಯುವುದೆಂಬುದನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಅಂಗಡಿಯಲ್ಲಿ ಕೇಳತಕ್ಕ ಪ್ರಶ್ನೆ, ಅತಿ ಹೆಚ್ಚಿನ ವೇಗವೆಷ್ಟು ಎಂಬುದಕ್ಕಿಂತ ಅತಿ ಕಡಮೆಯ ವೇಗವೆಷ್ಟು ಎಂಬುದು. 800 ಸುತ್ತಿಗಿಂತ ಕೆಳಗಿಳಿಯದ ಯಂತ್ರದ ಮೇಲೆ ದೊಡ್ಡ ಬೋಗುಣಿಯ ಆಸೆಯನ್ನು ಬಿಡುವುದೇ ಕ್ಷೇಮ.

ಗುಂಡಿಯನ್ನು ತಿರುಗಿಸಿದರೆ ವೇಗ ಬದಲಾಗುವ ಯಂತ್ರಗಳಿಗೆ ಬೆಲೆ ಹೆಚ್ಚು. ಬೆಲ್ಟನ್ನು ಒಂದು ರಾಟೆಯಿಂದ ಇನ್ನೊಂದಕ್ಕೆ ಕೈಯಿಂದ ಸರಿಸುವ ಹಳೆಯ ಕ್ರಮವನ್ನು ಕೀಳೆಂದು ಎಣಿಸಬೇಕಾದ್ದಿಲ್ಲ. 1440 ಸುತ್ತಿನ ಮೋಟಾರಿಗೆ 2 ಅಂಗುಲದ ರಾಟೆಯನ್ನು ತೊಡಿಸಿ, ಅದರಿಂದ 6 ಅಂಗುಲದ ರಾಟೆಯನ್ನು ಓಡಿಸಿದರೆ 480 ಸುತ್ತು ದೊರೆಯುತ್ತದೆ. ವೇಗ ಇಳಿದಷ್ಟೂ ತಿರುಚುವ ಬಲ ಹೆಚ್ಚುತ್ತದೆ. ಕೇವಲ ವಿದ್ಯುತ್ತಿನ ಉಪಾಯದಿಂದ ವೇಗವನ್ನಿಳಿಸಿದಾಗ ಈ ಲಾಭವಿಲ್ಲ. ಮಧ್ಯಮ ಯಂತ್ರಕ್ಕೆ ಮುಕ್ಕಾಲು ಅಶ್ವಶಕ್ತಿಯಿಂದ ಒಂದು ಅಶ್ವಶಕ್ತಿ, ಎಂದರೆ 746 ವ್ಯಾಟು, ಸಾಕು. ತಿಲಕ್ ನಗರದಂತೆ ಗೋಡೆಗೆ ಗೋಡೆ ತಾಗಿ ಮನೆಗಳಿರುವ ಬಡಾವಣೆಯಲ್ಲಿ ಮೂರು ಫೇಸಿನ ಮೋಟಾರು ಅಗ್ಗಕ್ಕೆ ಸಿಕ್ಕಿತೆಂದು ತರುವ ಮುನ್ನ ಮನೆಗೆ ಯಾವ ಸಂಪರ್ಕವಿದೆಯೆಂಬುದನ್ನೂ, ಯಂತ್ರವು ಮಹಡಿಯ ಮೆಟ್ಟಿಲನ್ನು ಏರಬಲ್ಲುದೇ ಎಂಬುದನ್ನೂ, ಪಕ್ಕದ ಮನೆಯ ಮಗು ಯಾವ ಹೊತ್ತಿಗೆ ಮಲಗುವುದೆಂಬುದನ್ನೂ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹಳೆಯ ಯಂತ್ರವನ್ನು ಕೊಳ್ಳಬಾರದೇ ಎಂದು ಕೇಳಬಹುದು. ಖಂಡಿತವಾಗಿ ಕೊಳ್ಳಬಹುದು, ಆದರೆ ಅದು ಮರದ ಯಂತ್ರವಾಗಿರಲಿ. ನಮ್ಮ ನಾಡು ಲೇತುಗಳಿಗೆ ಹೆಸರಾದದ್ದು. 1941ರಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯೂ, 1953ರಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಮಷೀನ್ ಟೂಲ್ಸ್ ಸಂಸ್ಥೆಯೂ ಹುಟ್ಟಿದುವು. ಇವುಗಳ ಹಳೆಯ ಲೇತುಗಳು ಬಲು ಗಟ್ಟಿಯಾದವು, ಆದರೆ ಲೋಹಕ್ಕಾಗಿ ಮಾಡಿದವು. ಅವುಗಳಲ್ಲಿ ಉಳಿಯನ್ನು ತಿರುಪಿನ ಗಾಡಿಯೊಂದು ಹಿಡಿದಿರುತ್ತದೆ. ಕೈಯುಳಿಯ ಆಸರೆಯನ್ನು ಬೇರೆಯಾಗಿ ಮಾಡಿಸಬೇಕು. ಎಣ್ಣೆ ಸವರಿದ ಹಳಿಗಳಿಗೆ ಮರದ ಪುಡಿ ಮೆತ್ತಿಕೊಂಡು ತೇವವನ್ನು ಹೀರಿ ತುಕ್ಕು ಹಿಡಿಸುತ್ತದೆ.

ಹೊಸದಾಗಲಿ ಹಳೆಯದಾಗಲಿ, ಎದುರಿಗೆ ನಿಂತು ಮಾಡತಕ್ಕ ಪರೀಕ್ಷೆಗಳು ಸುಲಭವೇ. ಹಿಂದಲೆಯನ್ನು ಮುಂದಕ್ಕೆ ಸರಿಸಿ ಎರಡು ಮೊನೆಗಳೂ ಒಂದಕ್ಕೊಂದು ನೇರವಾಗಿ ಕೂಡುತ್ತವೆಯೇ ನೋಡಬೇಕು. ಕೂದಲೆಳೆಯ ಅಂತರವಾದರೆ ಸರಿಪಡಿಸಬಹುದು, ಅಕ್ಕಿಕಾಳಿನಷ್ಟಾದರೆ ಬೇಡ. ಬೆಲ್ಟನ್ನು ಕಳಚಿ ಸ್ಪಿಂಡಲನ್ನು ಕೈಯಿಂದ ತಿರುಗಿಸಿದಾಗ ಗರಗರ ಸದ್ದು ಬರಬಾರದು. ಹಿಡಿದು ಮೇಲೆ ಕೆಳಗೆ ಅಲುಗಿಸಿದರೆ ಅಲುಗಬಾರದು. ಸ್ಪಿಂಡಲಿನ ಮೂತಿಯ ಮರೆಯು, ಎಂದರೆ ತಿರುಪಿನ ಹಲ್ಲು, ರೂಢಿಯ ಅಳತೆಯದೇ ಎಂಬುದನ್ನು ಕೇಳುವುದನ್ನು ಬಹಳ ಮಂದಿ ಮರೆಯುತ್ತಾರೆ. ಒಂದು ಅಂಗುಲ ವ್ಯಾಸ, ಅಂಗುಲಕ್ಕೆ 8 ಹಲ್ಲು ಎಂಬುದು ಎಲ್ಲೆಡೆ ನಡೆಯುವ ಅಳತೆಗಳಲ್ಲೊಂದು. ವಿಚಿತ್ರ ಮರೆಯ ಯಂತ್ರಕ್ಕೆ ಬೇರೆ ಯಾರ ಚಕ್ಕೂ ಹೊಂದದು.

ಇನ್ನು ಹಣದ ಹಂಚಿಕೆ. ಕೈಯಲ್ಲಿ ಹತ್ತು ರೂಪಾಯಿ ಇದ್ದರೆ ಯಂತ್ರಕ್ಕೆ ಆರಕ್ಕಿಂತ ಹೆಚ್ಚು ಹಾಕಬಾರದೆಂಬುದು ನಮ್ಮ ಅಭಿಪ್ರಾಯ. ಉಳಿದ ನಾಲ್ಕು, ಮೂರು ಒಳ್ಳೆಯ ಉಳಿಗಳಿಗೂ, ನಾಲ್ಕು ದವಡೆಯ ಚಕ್ಕಿಗೂ, ಸಾಣೆಯ ಚಕ್ರಕ್ಕೂ, ಮುಖವನ್ನು ಪೂರ್ತಿ ಮುಚ್ಚುವ ಪಾರದರ್ಶಕ ಮರೆಗೂ ಬೇಕು. ಸಾಣೆಯಿಲ್ಲದವನ ಉಳಿ ಒಂದು ಗಂಟೆಯೊಳಗೆ ಮೊಂಡಾಗುತ್ತದೆ. ಮೊಂಡ ಉಳಿಯನ್ನು ಒತ್ತಿ ಹಿಡಿಯುವಾಗಲೇ ಅದು ಮರಕ್ಕೆ ಸಿಕ್ಕಿ ಕೈಯಿಂದ ಕಿತ್ತುಹೋಗುವುದು. ಹಣ ಇದಕ್ಕೂ ಸಾಲದಿದ್ದರೆ ಚಕ್ಕನ್ನು ಮುಂದಿನ ವರ್ಷಕ್ಕೆ ಬಿಡಬಹುದು. ಎರಡು ಮೊನೆಗಳ ನಡುವೆ ಕಡೆಯುವುದಕ್ಕೆ ಅದು ಬೇಕಿಲ್ಲ. ಮುಖದ ಮರೆಯನ್ನು ಮಾತ್ರ ಬಿಡಬಾರದು.

ಯಂತ್ರ ಮನೆಗೆ ಬಂದ ಮೇಲೆ ಸ್ಪಿಂಡಲಿನ ನಡುವು ನಿಂತವರ ಮೊಣಕೈಯ ಎತ್ತರಕ್ಕೆ ಬರುವಂತೆ ಮೇಜನ್ನು ಮಾಡಿಸಿ, ಮೇಜಿನ ಕೆಳಹಲಗೆಯ ಮೇಲೆ ಎರಡು ಮೂಟೆ ಮರಳನ್ನು ಹೇರಬೇಕು. ಪಂಚೆಯ ಚುಂಗು, ಸೀರೆಯ ಸೆರಗು, ಅಂಗಿಯ ಸಡಿಲು ತೋಳು ಇವು ಯಾವುವೂ ತಿರುಗುವ ಮರದ ಹತ್ತಿರ ಸುಳಿಯದಂತೆ ಬಿಗಿದುಕೊಂಡು, ಮೊದಲ ವಾರವೆಲ್ಲ ಸಿಲ್ವರ್ ಓಕಿನ ಅಗ್ಗದ ತುಂಡುಗಳನ್ನು ಸುಮ್ಮನೆ ದುಂಡಗೆ ಮಾಡುತ್ತಿರಬಹುದು.