ಮ್ಯಾಕ್‌ಬೆತ್ ಕೆಟ್ಟಿದ್ದು ಹೆಂಡತಿಯಿಂದಲಾ?

"ಪಾಪ, ಅವನು ಒಳ್ಳೆಯವನೇ. ಹೆಂಡತಿ ಮಾತು ಕೇಳಿ ಹಾಳಾದ." ಅಧಿಕಾರದಲ್ಲಿದ್ದವರು ಎಡವಿದಾಗ ನಮ್ಮಲ್ಲಿ ಕೇಳಿಬರುವ ಮಾತಿದು. ಷೇಕ್ಸ್‌ಪಿಯರ್ ಸುಮಾರು 1606ರಲ್ಲಿ ಬರೆದ ‘ಮ್ಯಾಕ್‌ಬೆತ್’ ನಾಟಕವನ್ನೂ ಎಷ್ಟೋ ಜನ ಹೀಗೇ ಓದುತ್ತಾರೆ. ಆದರೆ ನಾಟಕ ಹೇಳೋದೇ ಬೇರೆ.

ನೀನು ರಾಜನಾಗ್ತೀಯ ಅಂತ ಮೂವರು ಮಾಟಗಾತಿಯರು ಹೇಳಿದ ಸ್ವಲ್ಪ ಹೊತ್ತಿಗೇ ಸ್ಕಾಟ್ಲೆಂಡ್‌ನ ಸೇನಾನಿ ಮ್ಯಾಕ್‌ಬೆತ್‌ನ ತಲೆಯಲ್ಲಿ ಕೊಲೆಯ ಯೋಚನೆ ಸುಳಿಯುತ್ತದೆ. ಆಗಿನ್ನೂ ಹೆಂಡತಿಗೆ ವಿಷಯವೇ ಗೊತ್ತಿಲ್ಲ. ಆಸೆ ಅವನದು, ಅವನ ಅಳುಕನ್ನು ಮುರಿದವಳು ಅವಳು. ಮನೆಗೆ ಅತಿಥಿಯಾಗಿ ಬಂದ ದೊರೆ ಡಂಕನ್‌ನನ್ನು ಕೊಲ್ಲಲು ಅವನು ಹಿಂಜರಿದಾಗ, ಲೇಡಿ ಮ್ಯಾಕ್‌ಬೆತ್ ನೇರವಾಗಿ ಅವನ ಗಂಡಸುತನವನ್ನೇ ಕೆಣಕುತ್ತಾಳೆ. ಮಾಡಿದರೆ ಗಂಡಸು, ಇಲ್ಲದಿದ್ದರೆ ಹೇಡಿ. ಅವನು ಬಗ್ಗಿಬಿಡುತ್ತಾನೆ.

ಮುಂದೇನಾಗುತ್ತೆ ನೋಡಿ. ಗೆಳೆಯ ಬ್ಯಾಂಕೋನನ್ನು ಮುಗಿಸಲು ಕೊಲೆಗಡುಕರನ್ನು ಕರೆಸುವ ಮ್ಯಾಕ್‌ಬೆತ್, ನೀವೂ ಗಂಡಸರಾ ಅಂತ ಅವರನ್ನು ಹಂಗಿಸುತ್ತಾನೆ. ಅಸ್ತ್ರ ಅದೇ, ಕೈ ಬೇರೆ. ಈ ಸಂಚನ್ನು ಹೆಂಡತಿಯಿಂದ ಮುಚ್ಚಿಡುತ್ತಾನೆ. ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನು ಕೊಲ್ಲಿಸುವಾಗಲೂ ಅವಳನ್ನು ಕೇಳಿದ ಸುಳಿವಿಲ್ಲ. ಕೊನೆಗೆ ಅವಳು ನಿದ್ದೆಯಲ್ಲೇ ಎದ್ದು ನಡೆಯುತ್ತ, ಕೈಯಲ್ಲಿಲ್ಲದ ರಕ್ತದ ಕಲೆ ಉಜ್ಜುತ್ತಿರುತ್ತಾಳೆ.

ಲೇಡಿ ಮ್ಯಾಕ್‌ಬೆತ್ ನಿರಪರಾಧಿಯಲ್ಲ. ಮೊದಲ ಕೊಲೆಯಲ್ಲಿ ಅವಳಿಗೂ ಸಮಪಾಲಿದೆ. ಹಾಗಂತ ಎಲ್ಲವನ್ನೂ ಅವಳ ತಲೆಗೆ ಕಟ್ಟಿದರೆ, ಕಿರೀಟ ತೊಟ್ಟವನು ಬಚಾವಾಗುತ್ತಾನೆ. ಕಿವಿ ಊದಿದವರು ಯಾರು ಅಂತ ಹುಡುಕೋ ಮೊದಲು, ಆದೇಶ ಕೊಟ್ಟವರು ಯಾರು ಅಂತ ಕೇಳೋಣ.